ಒಗ್ಗಟ್ಟಿನ ಕರೆ: ಅದರ ಬೆಲೆ ಕೊಡುವವರು ಯಾರು?

ಹೊಸ ಅಧ್ಯಕ್ಷರ ಮೊದಲ ಭಾಷಣದಲ್ಲಿ "ನಾವೆಲ್ಲ ಒಂದೇ" ಅನ್ನುವ ಮಾತು ಬರದೆ ಇರುವುದು ಅಪರೂಪ. ದೇಶ ಒಡೆದುಕೊಂಡಷ್ಟೂ ಆ ಮಾತು ಜೋರಾಗುತ್ತದೆ. ಅಮೆರಿಕದಲ್ಲಿ ಈ ರೂಢಿ ಇನ್ನೂರು ವರ್ಷಕ್ಕೂ ಹಳೆಯದು.

1800ರ ಚುನಾವಣೆ ತುಂಬ ಕಹಿಯಾಗಿತ್ತು. ಥಾಮಸ್ ಜೆಫರ್ಸನ್ ಮತ್ತು ಅವರದೇ ಪಕ್ಷದ ಆರನ್ ಬರ್ ಇಬ್ಬರಿಗೂ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳಿಂದ ತಲಾ 73 ಮತ ಬಿದ್ದವು. ಸಂಸತ್ತಿನ ಕೆಳಮನೆ 36ನೇ ಸುತ್ತಿನಲ್ಲಿ ಜೆಫರ್ಸನ್ ಅವರನ್ನು ಆರಿಸಿತು. ಸೋತ ಹಾಲಿ ಅಧ್ಯಕ್ಷ, ಫೆಡರಲಿಸ್ಟ್ ಪಕ್ಷದ ಜಾನ್ ಆಡಮ್ಸ್ ಪ್ರಮಾಣವಚನ ಸಮಾರಂಭಕ್ಕೆ ನಿಲ್ಲದೆ ನಸುಕಿನಲ್ಲೇ ವಾಷಿಂಗ್ಟನ್ ಬಿಟ್ಟರು. ಅಂದು, 1801ರ ಮಾರ್ಚ್ 4ರಂದು, ತಮ್ಮ ಮತ್ತು ಎದುರಾಳಿಗಳ ಪಕ್ಷಗಳ ಹೆಸರು ಹಿಡಿದು, ನಾವೆಲ್ಲರೂ ರಿಪಬ್ಲಿಕನ್ನರು, ನಾವೆಲ್ಲರೂ ಫೆಡರಲಿಸ್ಟರು ಎಂದರು ಜೆಫರ್ಸನ್.

ಅರವತ್ತು ವರ್ಷದ ನಂತರ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಮೊದಲ ಭಾಷಣ ಮಾಡಲು ನಿಂತಾಗ ದಕ್ಷಿಣದ ಏಳು ರಾಜ್ಯಗಳು ಆಗಲೇ ಬೇರೆಯಾಗಿದ್ದವು. ನಾವು ಶತ್ರುಗಳಲ್ಲ, ಗೆಳೆಯರು ಎಂದು ಅವರು ಬೇಡಿಕೊಂಡರು. ಆ ಮಾತು ಎಲ್ಲರಿಗೂ ನೆನಪಿದೆ. ಆದರೆ ಅದೇ ಭಾಷಣದಲ್ಲಿ, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದಕ್ಕೆ ಕೈ ಹಾಕುವುದಿಲ್ಲ ಎಂದೂ ಭರವಸೆ ಕೊಟ್ಟಿದ್ದರು. ಅಂದರೆ ಆ ಒಗ್ಗಟ್ಟಿನ ಬೆಲೆಯನ್ನು ಸುಮಾರು 40 ಲಕ್ಷ ಗುಲಾಮರು ಕೊಡಬೇಕಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಈ ಭಾಷಣವನ್ನು ಕಟುವಾಗಿ ಟೀಕಿಸಿದರು. ನನಗೆ ಅವರ ಸಿಟ್ಟು ಸರಿ ಅನ್ನಿಸುತ್ತದೆ. ಇಷ್ಟು ಕೊಟ್ಟರೂ ಯುದ್ಧ ತಪ್ಪಲಿಲ್ಲ. ಮುಂದಿನ ತಿಂಗಳೇ ಕೇಂದ್ರ ಸರ್ಕಾರದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡಿನ ಮಳೆಗರೆದರು.

1865ರಲ್ಲಿ ಮತ್ತೆ ಅಧ್ಯಕ್ಷರಾದಾಗ ಲಿಂಕನ್ ಮಾಡಿದ ಎರಡನೇ ಭಾಷಣ ಬರೀ 700 ಪದಗಳಷ್ಟು. ಯುದ್ಧಕ್ಕೆ ಗುಲಾಮಗಿರಿಯೇ ಕಾರಣ ಎಂದು ಮೊದಲು ನೇರವಾಗಿ ಹೇಳಿದರು. ಯಾರ ಮೇಲೂ ದ್ವೇಷ ಬೇಡ ಅಂದದ್ದು ಆಮೇಲೆ. ಈ ಕ್ರಮ ಮುಖ್ಯ ಅಲ್ವಾ?

ದಕ್ಷಿಣ ಆಫ್ರಿಕಾದಲ್ಲಿ ಒಗ್ಗಟ್ಟು ಕಾನೂನಿನಲ್ಲೇ ಬರೆದಿತ್ತು. ಸಂಸತ್ತಿನಲ್ಲಿ 20 ಸ್ಥಾನ ಗೆದ್ದ ಯಾವ ಪಕ್ಷಕ್ಕೂ ಸಚಿವ ಸಂಪುಟದಲ್ಲಿ ಪಾಲು ಕೇಳುವ ಹಕ್ಕಿತ್ತು. 1994ರ ಮೇ 10ರಂದು ಪ್ರಿಟೋರಿಯಾದಲ್ಲಿ ನೆಲ್ಸನ್ ಮಂಡೇಲಾ ಅಧ್ಯಕ್ಷರಾದಾಗ, ಬಿಳಿಯರ ಸರ್ಕಾರದ ಕೊನೆಯ ಅಧ್ಯಕ್ಷ ಡಿ ಕ್ಲರ್ಕ್, ಮಂಡೇಲಾ ಅವರ ಉಪಾಧ್ಯಕ್ಷರಲ್ಲೊಬ್ಬರಾದರು.

ಮತ್ತೆ ಅಮೆರಿಕಕ್ಕೆ ಬಂದರೆ, 2021ರ ಜನವರಿ 20ರಂದು ಹೊಸ ಅಧ್ಯಕ್ಷ ಜೋ ಬೈಡನ್ ಒಗ್ಗಟ್ಟಿನ ಬಗ್ಗೆ ಮಾತಾಡಿದ ಕ್ಯಾಪಿಟಲ್ ಎಂಬ ಸಂಸತ್ ಕಟ್ಟಡದ ಮೇಲೆ ಎರಡೇ ವಾರದ ಹಿಂದೆ ಟ್ರಂಪ್ ಬೆಂಬಲಿಗರ ದಾಳಿಯಾಗಿತ್ತು. ಆಡಮ್ಸ್ ಅವರಂತೆ, ಚುನಾವಣೆ ಸೋತಿದ್ದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕೂಡ ಸಮಾರಂಭಕ್ಕೆ ಬರಲಿಲ್ಲ. ಆ ದಾಳಿಗೆ ಕುಮ್ಮಕ್ಕು ಕೊಟ್ಟ ಆರೋಪದ ಮೇಲೆ ಟ್ರಂಪ್ ವಿಚಾರಣೆ ನಡೆಸಿದರೆ ದೇಶ ಇನ್ನಷ್ಟು ಒಡೆಯುತ್ತದೆ ಎಂದರು ಕೆಲವರು. ತಪ್ಪಿಗೆ ಲೆಕ್ಕ ಕೇಳದೆ ಎಂಥ ಒಗ್ಗಟ್ಟು ಎಂದರು ಇನ್ನು ಕೆಲವರು. ಫೆಬ್ರವರಿ 13ರಂದು ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ 57 ಮಂದಿ ಟ್ರಂಪ್ ತಪ್ಪಿತಸ್ಥ ಎಂದರು, 43 ಮಂದಿ ಅಲ್ಲ ಎಂದರು. ತಪ್ಪಿತಸ್ಥ ಎಂದು ತೀರ್ಮಾನಿಸಲು ಬೇಕಿದ್ದದ್ದು 67.