ಅಕ್ಷರಕ್ಕೆ ತುಕ್ಕು ಹಿಡಿಸುವ ಲೆಕ್ಕ

ಪರದೆಯ ಮೇಲೆ ತುಕ್ಕು ಹಿಡಿದ ಅಕ್ಷರ ಮೂಡಿದರೆ, ಹಳೇ ಕಬ್ಬಿಣದ ಫೋಟೊ ತಂದು ಅಂಟಿಸಿದ್ದಾರೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಚಲಿಸುವ ಚಿತ್ರ, ಅಕ್ಷರಗಳನ್ನು ಮಾಡುವ ಆಫ್ಟರ್ ಎಫೆಕ್ಟ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಫೋಟೊ ಇಲ್ಲದೆಯೂ ತುಕ್ಕು ಹಿಡಿಸಬಹುದು. ಫ್ರ್ಯಾಕ್ಟಲ್ ನಾಯ್ಸ್ ಅನ್ನುವ ಎಫೆಕ್ಟ್ ಸಾಕು. ಅದು ಬರೀ ಲೆಕ್ಕ.

ಪ್ರತಿ ಪಿಕ್ಸೆಲ್‌ಗೂ ಸುಮ್ನೆ ಒಂದೊಂದು ಬೂದು ಬಣ್ಣ ಎರಚಿದರೆ ಆಯ್ತು, ಅಲ್ವಾ? ಇಲ್ಲ. ಆಗ ಸಿಗುವುದು ಸಿಗ್ನಲ್ ಇಲ್ಲದ ಹಳೇ ಟಿವಿಯ ಗಿಜಿಗಿಜಿ. ತುಕ್ಕು ಒಂದು ಕಡೆ ಹಿಡಿದರೆ ಪಕ್ಕದಲ್ಲೂ ಸ್ವಲ್ಪ ಹಿಡಿದಿರುತ್ತದೆ. ಅಕ್ಕಪಕ್ಕದ ಚುಕ್ಕೆಗಳ ನಡುವೆ ನಂಟು ಬೇಕು.

ಈ ನಂಟನ್ನು ಲೆಕ್ಕಕ್ಕೆ ಇಳಿಸಿದವರು ಕೆನ್ ಪರ್ಲಿನ್. 1982ರ 'ಟ್ರಾನ್' ಸಿನಿಮಾಕ್ಕೆ ಕೆಲಸ ಮಾಡಿದ್ದ ಅವರಿಗೆ ಕಂಪ್ಯೂಟರ್ ಚಿತ್ರಗಳ ಯಂತ್ರದಂಥ ನುಣುಪು ಹಿಡಿಸಲಿಲ್ಲ. ತಮ್ಮ ವಿಧಾನವನ್ನು 1985ರಲ್ಲಿ ಪ್ರಕಟಿಸಿದರು. 1997ರಲ್ಲಿ ಅದಕ್ಕೆ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಬಂತು. ನುಣುಪು ಕೆಡಿಸಿದ್ದಕ್ಕೆ ಆಸ್ಕರ್!

ಪರದೆಯ ಮೇಲೆ ಒಂದು ಬಲೆ ಹಾಸಿದೆ ಅಂದುಕೊಳ್ಳಿ. ಪ್ರತಿ ಗಂಟಿನಲ್ಲೂ ಒಂದು ಇಳಿಜಾರು. ಅದು ಯಾವ ಕಡೆಗೆ ವಾಲಬೇಕು ಅನ್ನುವುದಷ್ಟೇ ಅದೃಷ್ಟ. ನಡುವಿನ ಚುಕ್ಕೆ ಸುತ್ತಲಿನ ನಾಲ್ಕೂ ಗಂಟುಗಳ ಮಾತು ಕೇಳುತ್ತದೆ, ಹತ್ತಿರದ್ದರ ಮಾತನ್ನು ಜಾಸ್ತಿ. ಹೀಗೆ ನಯವಾದ ಗುಡ್ಡಗಳು ಏಳುತ್ತವೆ, ಎತ್ತರ ಇದ್ದಲ್ಲಿ ಬಿಳಿ, ತಗ್ಗಿನಲ್ಲಿ ಕಪ್ಪು. ಅವುಗಳ ಮೇಲೆ ಅರ್ಧ ಅಗಲದ, ಅರ್ಧ ಎತ್ತರದ ಇನ್ನೊಂದು ಪದರ. ಅದರ ಮೇಲೆ ಅದರರ್ಧದ್ದು. ಗುಡ್ಡದ ಮೇಲೆ ಬಂಡೆ, ಬಂಡೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಮರಳು. ಈ ಪದರಗಳನ್ನು ಆಕ್ಟೇವ್ ಅನ್ನುತ್ತಾರೆ. ಸಂಗೀತದಲ್ಲಿ ಮಂದ್ರ ಷಡ್ಜದ ಮೇಲೆ ಮಧ್ಯ, ತಾರ ಷಡ್ಜಗಳು ಕೂಡಿಕೊಂಡ ಹಾಗೆ.

ಆಮೇಲೆ ಕಾಂಟ್ರಾಸ್ಟ್ ಏರಿಸಿ, ಇದನ್ನು ಅಕ್ಷರಕ್ಕೆ ಲೂಮಾ ಮ್ಯಾಟ್, ಅಂದರೆ ಬೆಳಕು-ಕತ್ತಲೆ ನೋಡಿ ಕತ್ತರಿಸುವ ಅಚ್ಚು, ಮಾಡಿದರೆ ಬಿಳಿ ಇದ್ದಲ್ಲಿ ಅಕ್ಷರ ಉಳಿಯುತ್ತದೆ, ಕಪ್ಪು ಇದ್ದಲ್ಲಿ ಸವೆಯುತ್ತದೆ.

ನನಗೆ ಹುಚ್ಚು ಹಿಡಿಸಿದ್ದು ಇದೇ ಎಫೆಕ್ಟ್‌ನ ಎವಲ್ಯೂಷನ್ ಗುಂಡಿ. ತಿರುಗಿಸಿದರೆ ಕಲೆಗಳು ಕುದಿಯುತ್ತವೆ. ಒಂದು ಮರದ ದಿಮ್ಮಿಯನ್ನು ತೆಳ್ಳಗೆ ಸೀಳುತ್ತಾ ಹೋಗಿ. ಪ್ರತಿ ಹಲಗೆಯಲ್ಲೂ ಗಂಟು ಚೂರು ಸರಿದಿರುತ್ತದೆ. ಇಲ್ಲೂ ಅಷ್ಟೇ, ಎತ್ತರ ಅಗಲಗಳ ಜೊತೆ ಕಾಲವೇ ದಿಮ್ಮಿಯ ಉದ್ದ. ಹೊಗೆಗೆ, ನೀರಿಗೆ ಇದು ಬೇಕು. ತುಕ್ಕಿಗೆ ಬೇಡ, ತುಕ್ಕು ಕುದಿಯಲ್ಲ!

ಒಮ್ಮೆ ನನ್ನ ಅಕ್ಷರ ಎಡದಿಂದ ಬಲಕ್ಕೆ ಓಡಿತು, ತುಕ್ಕು ನಿಂತಲ್ಲೇ ನಿಂತಿತ್ತು. ಕಬ್ಬಿಣದ ಬದಲು ಕಿಟಕಿ ಓಡಿದ ಹಾಗೆ ಕಾಣುತ್ತಿತ್ತು. ಎರಡನ್ನೂ ಪ್ರೀಕಾಂಪ್ ಮಾಡಿ, ಅಂದರೆ ಒಂದೇ ಕಟ್ಟಾಗಿ ಕಟ್ಟಿ, ಆ ಕಟ್ಟನ್ನೇ ಓಡಿಸಿದ ಮೇಲೆ ಸರಿಹೋಯಿತು.