ಅಪ್ಪನ ಕಿಸೆಯಲ್ಲಿ ಮಗನ ಅಂಕ

ಜೂನ್ ಬಂತೆಂದರೆ ವಿಜಯಪುರದ ನನ್ನ ಕೋಣೆಗೆ ಅಪ್ಪ ಅವ್ವಂದಿರ ಓಡಾಟ ಜಾಸ್ತಿ. ಆಪ್ತ ಸಮಾಲೋಚನೆ ಅಂತ ಬರೋದು ಹೆಸರಿಗೆ ಮಕ್ಕಳದ್ದು. "ಇವನಿಗೆ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ" ಎಂದು ಕೂರುತ್ತಾರೆ. ಐದು ನಿಮಿಷ ಕಳೆಯುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳುವವರು ಅವರೇ.

ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ 2025ರ ಫಲಿತಾಂಶ ಬಂದ ವಾರ. ಇಂಡಿ ಕಡೆಯ ನಿಂಬೆ ಬೆಳೆಗಾರರೊಬ್ಬರು ಮಗನ ಜೊತೆ ಬಂದಿದ್ದರು. (ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ.) ಅಂಗಿ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ಮಡಿಕೆ ಇದ್ದಲ್ಲಿ ಆಗಲೇ ಹರಿಯುವಂತಾಗಿತ್ತು. ಎಷ್ಟು ಸಲ ಬಿಚ್ಚಿ ನೋಡಿದ್ದರೋ.

"ನಮ್ಮಣ್ಣನ ಮಗ ಹ್ವಾದ ವರ್ಷ 612 ತಗದಿದ್ದ. ಇಂವ 498 ತಂದಾನ. ಎರಡು ವರ್ಷ ಏನ್ ಮಾಡ್ಯಾನ್ರೀ?"

ನಾನು ನಿಂಬೆಯ ಮಾತು ಎತ್ತಿದೆ. ಹೋದ ವರ್ಷದ ರೇಟು ಈ ವರ್ಷ ಸಿಗುತ್ತಾ ಅಂತ ಕೇಳಿದೆ. "ಅದ್ಹೆಂಗ ಸಿಗ್ತದ್ರೀ? ಮಾರ್ಕೆಟ್ಟಿಗೆ ಮಾಲ್ ಎಷ್ಟು ಬಂದೈತಿ ನೋಡಬೇಕಲ್ಲ" ಎಂದರು. ನೀಟ್ ಕೂಡ ಹಾಗೇ. ಸೀಟು ಸಿಗುವುದು ಅಂಕಕ್ಕಲ್ಲ, ರ‍್ಯಾಂಕಿಗೆ. 2024ರಲ್ಲಿ ಫಲಿತಾಂಶ ಪರಿಷ್ಕರಿಸಿದ ಮೇಲೂ 720ಕ್ಕೆ 720 ತೆಗೆದವರು 17 ಜನ ಇದ್ದರು. 2025ರಲ್ಲಿ ಪ್ರಶ್ನೆಪತ್ರಿಕೆ ಬಿಗಿಯಾಗಿತ್ತು. ದೇಶಕ್ಕೇ ಮೊದಲು ಬಂದ ಹುಡುಗನ ಅಂಕ 686. ಹಾಗಾಗಿ ಅಣ್ಣನ ಮಗನ 612 ಮತ್ತು ಇವನ 498 ಪಕ್ಕಪಕ್ಕ ಇಟ್ಟು ತೂಗುವ ಅಂಕಗಳೇ ಅಲ್ಲ.

ಎಂಜಿನಿಯರಿಂಗ್ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಇನ್ನೊಂದು ಬಗೆಯ ಗೊಂದಲ. "180ಕ್ಕೆ 81, ಅರ್ಧಾನೂ ಇಲ್ರೀ" ಎಂದು ಒಬ್ಬ ತಾಯಿ ಅತ್ತರು. ಅವರು ಅದನ್ನು ಎಸ್ಸೆಸ್ಸೆಲ್ಸಿ ಕಣ್ಣಲ್ಲಿ ಓದಿದ್ದರು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಇನ್ನರ್ಧ. ಮಗಳಿಗೆ ಪಿಯುಸಿಯಲ್ಲಿ ಶೇಕಡಾ 91 ಬಂದಿತ್ತು, ಸಿಇಟಿಯಲ್ಲಿ 45. ಎರಡೂ ಸೇರಿ ಸರಾಸರಿ 68. ಆ ತಾಯಿಗೆ ಅಷ್ಟು ಲೆಕ್ಕವೇ ಸಾಕಾಯಿತು, ನಗುತ್ತಾ ಎದ್ದು ಹೋದರು.

ನಿಂಬೆಯವರಿಗೆ ಲೆಕ್ಕ ಅರ್ಥವಾಯಿತು, ಮುಖ ಮಾತ್ರ ತಿಳಿಯಾಗಲಿಲ್ಲ. ಅಂಕದ ಹಿಂದೆ ಬೇರೇನೋ ಇದೆ ಅಂತ ನನಗೆ ಗೊತ್ತಾಗುವುದು ಇಂಥ ಹೊತ್ತಲ್ಲೇ. ಮಗನನ್ನು ಹೊರಗೆ ಕೂರಿಸಿ ಸುಮ್ಮನೆ ಕಾದೆ. ಕೋಚಿಂಗ್ ಫೀಸು, ಹಾಸ್ಟೆಲ್ಲು ಅಂತ ಮಾಡಿದ ಸಾಲ ಹೊರಗೆ ಬಂತು. ಅಣ್ಣನ ಮನೆ ಮುಂದೆ ಹಾಯಬೇಕಾಗುತ್ತೆ ಅಂತ ಸುತ್ತು ಹಾಕಿ ತೋಟಕ್ಕೆ ಹೋಗುತ್ತಿದ್ದದ್ದೂ ಬಂತು. ಭೀಮಾ ನದಿಯ ಆಚೆ ಅಫಜಲಪುರದವರಿಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆಂದೇ ಸಂವಿಧಾನದಲ್ಲಿರುವ 371ಜೆ ಮೀಸಲಾತಿ ಇದೆ, ಈಚೆ ನಮಗಿಲ್ಲ ಎಂಬ ಸಿಟ್ಟೂ ಇತ್ತು. ಈ ಸಿಟ್ಟನ್ನು ನಾನು ವಿಜಯಪುರದಲ್ಲಿ ಪ್ರತಿ ವರ್ಷ ಕೇಳುತ್ತೇನೆ, ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಎಲ್ಲಾ ಆದ ಮೇಲೆ ತಗ್ಗಿದ ದನಿಯಲ್ಲಿ ಒಂದು ಮಾತು: "ನಾನೂ ಸೈನ್ಸೇ ರೀ. ಪಿಯುಸಿಗೆ ಬಿಟ್ಟೆ. ಅಪ್ಪ ತೀರಿಕೊಂಡ್ರು."

ಸಾಲ, ನಾಚಿಕೆ, ಹಳೇ ಆಸೆ. ಎಲ್ಲವೂ ನಿಜವಾದ ನೋವೇ. ಹೆತ್ತವರಿಗೆ ನಿರಾಸೆಯಾಗಬಾರದು ಅಂತ ಹೇಳುವ ಸಲಹೆಗಾರರ ಜೊತೆ ನನಗೆ ಮೊದಲಿನಿಂದಲೂ ತಕರಾರಿದೆ. ಆಗದೆ ಇರುತ್ತಾ? ಆದರೆ ಆ ಗಂಟೆಲ್ಲವನ್ನೂ 498ರ ಮೇಲೆ ಹೇರಿದರೆ ಹದಿನೆಂಟರ ಹುಡುಗ ಹೊರಲಾರ.

"ನಾವೇನೂ ಬೈದಿಲ್ರೀ" ಎಂದರು, ಎಲ್ಲರೂ ಹೇಳುವ ಹಾಗೆ. ಮಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿದೆ. "ಬೈದಿದ್ರ ಚಲೋ ಇತ್ತ್ರೀ. ಅಪ್ಪ ನಾಕು ದಿನದಿಂದ ಟಿವಿ ಹಚ್ಚಿಲ್ಲ. ಅವ್ವ ರೊಟ್ಟಿ ನೀಡ್ತಾಳ, ಇನ್ನೊಂದು ಹಾಕ್ಲೇನು ಅಂತ ಕೇಳಂಗಿಲ್ಲ."

ಆ ಮನೆಯಲ್ಲಿ ಹುಡುಗನಿಗೆ ಕೇಳಿಸುತ್ತಿದ್ದದ್ದು ಆ ಕೇಳದೇ ಹೋದ ಮಾತು. ಅದಕ್ಕೇ ನಾನು ಅಪ್ಪ ಅವ್ವಂದಿರಿಗೆ ನಿರಾಸೆ ಮುಚ್ಚಿಡಿ ಅನ್ನುವುದಿಲ್ಲ. ಅದು ಯಾರದ್ದು ಅಂತ ಹೇಳಿ ಮಾತಾಡಿ ಅನ್ನುತ್ತೇನೆ. "ನನಗ ಸಾಲದ ಚಿಂತಿ ಐತಿ. ಅದು ನನ್ನ ಲೆಕ್ಕ, ನಾನು ನೋಡ್ಕೋತೀನಿ. ನಿನ್ನ ಮುಂದಿನ ದಾರಿ ಬ್ಯಾರೆ ಕೂತು ಮಾತಾಡೋಣು." ದುಡ್ಡಿನ ಮಾತು, ಅಂಕದ ಮಾತು ಒಂದೇ ಊಟಕ್ಕೆ ಬೇಡ. ಮತ್ತೆ ಪರೀಕ್ಷೆ ಬರೆಯಲು ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಕೂರಿಸುವ ತೀರ್ಮಾನವನ್ನಂತೂ ಫಲಿತಾಂಶ ಬಂದ ವಾರವೇ ಮಾಡಬೇಡಿ. ಹಾಗಂತ ಮುನಿಸಿಕೊಂಡೂ ಕೂರಬೇಡಿ. ದಾಖಲೆ ಪರಿಶೀಲನೆ, ಬೇಕಾದ ಕಾಲೇಜು, ಕೋರ್ಸು ಆರಿಸಿ ತುಂಬುವ ಆಪ್ಷನ್ ಎಂಟ್ರಿ ಯಾರ ಮನೆಯ ಮೌನಕ್ಕೂ ಕಾಯುವುದಿಲ್ಲ.

ಒಂದನ್ನು ಮಾತ್ರ ಸುಮ್ನೆ ಬಿಡಬಾರದು. ಮಗು ನಿದ್ದೆ, ಊಟ ಬಿಟ್ಟಿದ್ದರೆ, ಗೆಳೆಯರ ಫೋನನ್ನೂ ಎತ್ತದಿದ್ದರೆ, "ನಾನು ಇರಬಾರದಿತ್ತು" ಎಂಬಂಥ ಮಾತು ಬಂದರೆ ಒಬ್ಬನೇ ಇರಲು ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಹೆತ್ತವರೂ ಫೋನ್ ಮಾಡಬಹುದು.

ಆವತ್ತು ಹೊರಡುವಾಗ ಅಪ್ಪ ಮತ್ತೆ ಕಿಸೆಗೆ ಕೈ ಹಾಕಿದರು. ಇನ್ನೊಮ್ಮೆ ನೋಡುತ್ತಾರೇನೋ ಅಂದುಕೊಂಡೆ. ಹಾಳೆಯನ್ನು ಬಿಚ್ಚಲಿಲ್ಲ, ಹಾಗೇ ಮಗನ ಕೈಗೆ ಕೊಟ್ಟರು. "ಇದು ನಿಂದು. ಫೈಲಿನ್ಯಾಗ ಇಟ್ಕೊ, ಮುಂದ ಬೇಕಾಗ್ತೈತಿ. ನಡಿ, ಹಸಿವಾಗೈತಿ, ಇಬ್ರೂ ಏನರ ತಿಂದು ಹೋಗೂಣು."