ನೀರಿಗೆ ನಿಲ್ಲುವ ಹರಳು ಬೇಕು: ಸಿಒಎಫ್ ನಡೆದುಬಂದ ದಾರಿ

2025ರ ರಸಾಯನಶಾಸ್ತ್ರ ನೊಬೆಲ್ ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ ಸಂದದ್ದು ಎಂಒಎಫ್‌ಗಳಿಗಾಗಿ, ಅಂದರೆ ಲೋಹ ಮತ್ತು ಸಾವಯವ ಅಣುಗಳನ್ನು ಜೋಡಿಸಿದ ರಂಧ್ರಮಯ ಹರಳುಗಳಿಗಾಗಿ. ಅದರ ದಾಯಾದಿ ಸಿಒಎಫ್ (ಕೊವೇಲೆಂಟ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್) ಬೇರೆಯೇ ವಸ್ತು. ಅದರಲ್ಲಿ ಲೋಹವಿಲ್ಲ, ಇಂಗಾಲ, ಸಾರಜನಕ, ಬೋರಾನ್‌ನಂಥ ಹಗುರ ಧಾತುಗಳು ಸಹವೇಲೆನ್ಸೀಯ ಬಂಧದಿಂದ ಹೆಣೆದ ಜಾಲ ಅದು. ನಮ್ಮ ಕಾಸರಗೋಡಿನ ಮುರಕಲ್ಲಿನಲ್ಲೂ ತೂತುಗಳಿವೆ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಸಿಒಎಫ್‌ನಲ್ಲಿ ತೂತು ಎಷ್ಟು ಅಗಲ ಇರಬೇಕೆಂಬುದು ಅಣುಗಳನ್ನು ಆರಿಸುವಾಗಲೇ ತೀರ್ಮಾನವಾಗುತ್ತದೆ.

2005ರಲ್ಲಿ ಯಾಘಿ ತಂಡ ಮೊದಲ ಸಿಒಎಫ್‌ಗಳನ್ನು ತೋರಿಸಿತು. ಸಿಒಎಫ್-5ರ ಒಂದು ಗ್ರಾಂ ಪುಡಿಯೊಳಗೆ 1,590 ಚದರ ಮೀಟರ್ ಮೇಲ್ಮೈ! ಅಲ್ಲಿಂದ ಮುಂದೆ ಈ ಅಂಕಿಯದೇ ಪೈಪೋಟಿ. 2007ರಲ್ಲಿ ಮೂರು ಆಯಾಮದ ಜಾಲ ಬಂತು, 2009ರಲ್ಲಿ ಇಮೈನ್ ಬಂಧದ್ದು, ಅಂದರೆ ಇಂಗಾಲ ಮತ್ತು ಸಾರಜನಕದ ನಡುವಿನ ಜೋಡಿ ಬಂಧದ್ದು.

ತೊಡಕು ಇದ್ದದ್ದು ಬಂಧದಲ್ಲೇ. ಹರಳು ಕ್ರಮವಾಗಿ ಬೆಳೆಯಬೇಕಾದರೆ ಬಂಧ ಕೂಡಿ, ಬಿಟ್ಟು, ಮತ್ತೆ ಕೂಡುತ್ತ ತಪ್ಪು ಜೋಡಣೆಯನ್ನು ತಿದ್ದಿಕೊಳ್ಳಬೇಕು. ಹಾಗೆ ಬಿಡಬಲ್ಲ ಬಂಧವನ್ನು ನೀರೂ ಬಿಡಿಸುತ್ತದೆ. ಬೋರಾನ್ ಬಂಧದ ಮೊದಲ ಸಿಒಎಫ್‌ಗಳು ತೇವದ ಗಾಳಿಗೇ ಸೋಲುತ್ತಿದ್ದವು.

ಇದಕ್ಕೊಂದು ಸೊಗಸಾದ ಉತ್ತರ 2012ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಿಂದ ಬಂತು. ರಾಹುಲ್ ಬ್ಯಾನರ್ಜಿ ತಂಡ ಕ್ರಿಯೆಯನ್ನು ಎರಡು ಹಂತ ಮಾಡಿತು. ಮೊದಲ ಹಂತದಲ್ಲಿ ಆಲ್ಡಿಹೈಡ್ ಮತ್ತು ಅಮೈನ್ ಎಂಬ ಎರಡು ಬಗೆಯ ಸಾವಯವ ಅಣುಗಳು ಕೂಡುತ್ತ, ಬಿಡುತ್ತ ಹರಳಾಗುತ್ತವೆ. ಎರಡನೆಯದರಲ್ಲಿ ಒಂದು ಜಲಜನಕ ಪರಮಾಣು ಆಮ್ಲಜನಕದಿಂದ ಸಾರಜನಕಕ್ಕೆ ಜರುಗುತ್ತದೆ. ಆಮೇಲೆ ಬಂಧ ಬಿಚ್ಚುವುದಿಲ್ಲ. ಕುದಿಯುವ ನೀರು, ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಎರಡನ್ನೂ ಅದು ತಾಳಿಕೊಂಡಿತು. ಮರುವರ್ಷ ಅದೇ ತಂಡ ದ್ರಾವಕವಿಲ್ಲದೆ, ಕೋಣೆಯ ತಾಪದಲ್ಲಿ ಕಲ್ವದಲ್ಲಿ ಅರೆದೇ ಇದನ್ನು ತಯಾರಿಸಿತು. ಮೇಲ್ಮೈ ವಿಸ್ತಾರ ತಗ್ಗಿತ್ತು, ನಿಜ. ಆದರೂ ಮುಚ್ಚಿದ ಗಾಜಿನ ಕೊಳವೆಯಲ್ಲಿ ದಿನಗಟ್ಟಲೆ ಬೇಯಿಸುವುದನ್ನು ತಪ್ಪಿಸಿದ್ದು ಸಣ್ಣ ಮಾತಲ್ಲ.

1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮ ಕಾಸರಗೋಡು. ಇಲ್ಲಿನ ಎಣ್ಮಕಜೆ ಪಂಚಾಯತಿಯ ಕಡೆಯವರಿಗೆ, ನೀರಿನಲ್ಲಿರುವ ಕೀಟನಾಶಕವನ್ನು ತನ್ನ ತೂತುಗಳಲ್ಲಿ ಹೀರಬಲ್ಲ ಇಂಥ ಪುಡಿಯೆಂದರೆ ಬರೀ ಪಠ್ಯದ ವಿಷಯವಲ್ಲ. ಹಾಗಾಗಿ ಮೇಲ್ಮೈಯ ಅಂಕಿಗಿಂತ ಮೊದಲು ಕೇಳಬೇಕಾದದ್ದು ಬೇರೆ: ನೀರಿಗಾಗಿ ಗುಡ್ಡ ಕೊರೆದ ಸುರಂಗದ, ಬಾವಿಯ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹರಳಿನ ಕ್ರಮ ಉಳಿಯುತ್ತದೆಯೇ? ಹೀರಿದ್ದನ್ನು ತೊಳೆದು ಮತ್ತೆ ಬಳಸಬಹುದೇ? ಗ್ರಾಂ ಲೆಕ್ಕದಲ್ಲಿ ಆದದ್ದು ಕಿಲೋ ಲೆಕ್ಕದಲ್ಲಿ, ಬಡ ಪಂಚಾಯತಿಗೆ ಎಟಕುವ ಬೆಲೆಯಲ್ಲಿ ಆದೀತೇ?